ಆರೋಗ್ಯ ಮತ್ತು ಶಿಕ್ಷಣದ ಹೆಸರಿನ ಸೆಸ್
ಆದಾಯ ತೆರಿಗೆಯ ವಿವರ ಸಲ್ಲಿಸುವಾಗ, ತೆರಿಗೆಯ ಮೇಲೆ ಮತ್ತೆ ಶೇ. 4ರಷ್ಟು ಸೇರುವ ‘ಆರೋಗ್ಯ ಮತ್ತು ಶಿಕ್ಷಣ ಸೆಸ್’ ಎಂಬ ಸಾಲು ಇಂದು ನನ್ನನ್ನು ಯೋಚನೆಗೆ ಹಚ್ಚಿತು. 2018ರ ಬಜೆಟ್‌ನಲ್ಲಿ, ಶೇ. 3ರ ಶಿಕ್ಷಣ ಸೆಸ್‌ನ ಜಾಗಕ್ಕೆ ಬಂದ ಈ ಹಣವನ್ನು ಕೊಡಲು ನನಗೆ ಬೇಸರವಿಲ್ಲ. ಆದರೆ ಸಂವಿಧಾನದ 270ನೇ ವಿಧಿಯಂತೆ ಇಂತಹ ಸೆಸ್‌ಗಳು ಕೇಂದ್ರ ಸರ್ಕಾರ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ತೆರಿಗೆಯ ಮೊತ್ತಕ್ಕೆ ಸೇರುವುದಿಲ್ಲವಾದ್ದರಿಂದ, ಈ ಹಂಚಿಕೆಯನ್ನು ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ 15ನೆಯದು ರಾಜ್ಯಗಳಿಗೆಂದು ಹೇಳಿದ ಶೇ. 41ರ ಪಾಲು ಇದಕ್ಕೆ ಅನ್ವಯಿಸುವುದೇ ಇಲ್ಲ. ಸರ್ಕಾರಿ ಶಾಲೆಯ ಮೇಷ್ಟರ ಸಂಬಳವನ್ನೂ ಹಳ್ಳಿಯ ಆರೋಗ್ಯ ಕೇಂದ್ರದ ಖರ್ಚಿನ ಬಹುಭಾಗವನ್ನೂ ಹೊರುವುದು ರಾಜ್ಯವೇ ಆಗಿರುವಾಗ, ಅವುಗಳ ಹೆಸರಿನಲ್ಲಿಯೇ ಸಂಗ್ರಹಿಸಿದ ಹಣ ಹಂಚಿಕೆಯಿಂದ ಹೊರಗುಳಿಯುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಕೇಂದ್ರದ ಯೋಜನೆಗಳ ಮೂಲಕ ಒಂದಿಷ್ಟು ಮರಳಿ ಬರುತ್ತದೆ, ನಿಜ. ಆದರೆ ಅದನ್ನು ಎಲ್ಲಿ, ಹೇಗೆ ಖರ್ಚು ಮಾಡಬೇಕೆಂಬ ಷರತ್ತುಗಳೂ ಅದರ ಜೊತೆಗೇ ಬರುತ್ತವೆ.