ಎಮ್ಲಿ ಮೂರ್, 36ನೆಯ ಚಾನೆಲ್: ಹನ್ನೊಂದು ವಾರಗಳ ನಂತರ ಸೊನ್ನೆ

ಕೊನೆಗೂ ಸಿಕ್ಕಿತು. ಆಂಟೆನಾದಿಂದ ಬರುವ ಟಿವಿಯಲ್ಲಿ ಒಂದೇ ಚಾನೆಲ್ಲಿನ ಚಿತ್ರ ಒಡೆಯುವ, ಆಗಸ್ಟ್ ಕೊನೆಯಿಂದ ಕಾಡುತ್ತಿದ್ದ ತೊಂದರೆಯ ಮೂಲ ಕಳೆದ ಶನಿವಾರ ರಾತ್ರಿ ಕೈಗೆ ಸಿಕ್ಕಿತು. ಈ ವಾರ ಸೋಮವಾರದಿಂದ ಶುಕ್ರವಾರದವರೆಗೆ 36ನೆಯ ಚಾನೆಲ್ಲಿನ ಲೆಕ್ಕದಲ್ಲಿ ಒಂದೂ ತಪ್ಪಿಲ್ಲ. ಸಂತೋಷ ಆರುವ ಮುನ್ನವೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಹಿಂದಿನ ಟಿಪ್ಪಣಿಗಳನ್ನು ಓದಿದವರಿಗೆ ನನ್ನ ವ್ಯವಸ್ಥೆ ಗೊತ್ತು: ಇಂಗ್ಲೆಂಡಿನ ಲೀಡ್ಸ್‌ನ ಮನೆಯ ಮೇಲೆ ಹಳೆಯ ಯಾಗಿ ಆಂಟೆನಾ, ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಎಮ್ಲಿ ಮೂರ್ ಟಿವಿ ಪ್ರಸಾರ ಗೋಪುರ, ಕೆಳಗೆ ಹಾಲ್‌ನಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಎರಡು ಟ್ಯೂನರ್, ರೆಕಾರ್ಡ್ ಮಾಡುವ ಟಿವಿಹೆಡೆಂಡ್ ತಂತ್ರಾಂಶ. ಎಮ್ಲಿ ಮೂರ್‌ನಿಂದ ಬರುವ ಆರು ಮಕ್ಸ್‌ಗಳಲ್ಲಿ (ಒಂದೇ ಚಾನೆಲ್ಲಿನಲ್ಲಿ ಹಲವು ಕಾರ್ಯಕ್ರಮಗಳನ್ನು ಒಟ್ಟಿಗೆ ಹೊರುವ ಸಿಗ್ನಲ್‌ಗಳು) 47, 44, 41, 33 ಮತ್ತು 48 ಕಲ್ಲಿನಂತೆ ಗಟ್ಟಿ. 36 ಮಾತ್ರ ಕೈಕೊಡುತ್ತಿತ್ತು. ನಾನು ಕಚೇರಿಯಲ್ಲಿರುವಾಗ ರೆಕಾರ್ಡ್ ಆಗಲಿ ಎಂದು ಇಟ್ಟ ಮಧ್ಯಾಹ್ನದ ಹಳೆಯ ಚಲನಚಿತ್ರಗಳೆಲ್ಲ ಒಡೆದ ಕನ್ನಡಿಯಂತೆ ಚೂರುಚೂರು. ಶನಿವಾರ ಏಣಿ ಹತ್ತಿ, ಮೀಟರ್ ಹಿಡಿದು ನೋಡಿದರೆ ಸಿಗ್ನಲ್ಲಿನ ಗುಣಮಟ್ಟ 31 ಡೆಸಿಬೆಲ್, ನಗುನಗುತ್ತಾ ನಿಂತಿದೆ. ಭಾನುವಾರವೂ ಹಾಗೆಯೇ. ಸೋಮವಾರ ಮತ್ತೆ ಚೂರು.

ಸಂಶಯ ಮೊದಲು ಹೋದದ್ದು ಆಂಟೆನಾದ ಮೇಲೆ. ಅದರ ತುದಿಯ ಮುಚ್ಚಳ ಹಳದಿ, ಅಂದರೆ ಬಿ ಗುಂಪಿನದು, 35ರಿಂದ ಮೇಲಿನ ಚಾನೆಲ್‌ಗಳಿಗೆ ಮಾಡಿದ್ದು. ಹಾಗಿದ್ದರೆ ಮೊದಲು ಸಾಯಬೇಕಾದದ್ದು 33, 36 ಅಲ್ಲ. ಆಮೇಲೆ ಆಂಪ್ಲಿಫೈಯರ್ ತೆಗೆದೆ, ಕೇಬಲ್ಲಿನ ಕೀಲಿನಲ್ಲಿ ನೀರು ಸೇರಿದೆಯೇ ಎಂದು ಬಿಚ್ಚಿ ನೋಡಿದೆ, ಪಕ್ಕದ ಮನೆಯ ಮೇಪಲ್ ಮರದ ಎಲೆಗಳನ್ನೂ ದೂರಿದೆ. ಎಲೆ ಉದುರಿದವು, ತೊಂದರೆ ಉದುರಲಿಲ್ಲ.

ನಂತರ ಮೊಬೈಲ್ ಗೋಪುರಗಳ ಸರದಿ. 700 ಮೆಗಾಹರ್ಟ್ಸ್ ಪಟ್ಟಿಯನ್ನು ಟಿವಿಯಿಂದ ಕಿತ್ತು ಮೊಬೈಲ್‌ಗೆ ಕೊಟ್ಟ ಮೇಲೆ ಇಲ್ಲಿ ಟಿವಿ 694 ಮೆಗಾಹರ್ಟ್ಸ್‌ಗೇ ಮುಗಿಯುತ್ತದೆ. ಹಾಗಾಗಿ 694ರ ಮೇಲಿನದನ್ನು ತಡೆಯುವ ಫಿಲ್ಟರ್ ಒಂದನ್ನು ತರಿಸಿದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 694 ಎಂದೇ ಇತ್ತು. ಅಳೆದು ನೋಡಿದರೆ 790ರವರೆಗೆ ಬಾಗಿಲು ತೆರೆದು ಕೂತಿದೆ! ಇದು 4ಜಿ ಬಂದ ಕಾಲದ ಹಳೆಯ ಸರಕು, ಮೇಲೆ ಹೊಸ ಚೀಟಿ. ಮಾರಿದವರಿಗೆ ಗ್ರಾಫ್ ಸಮೇತ ಬರೆದೆ. ಪೊಟ್ಟಣ ಒಡೆದಿರುವುದರಿಂದ ಹಿಂದಕ್ಕೆ ಪಡೆಯುವುದಿಲ್ಲ ಎಂಬ ಉತ್ತರ ಬಂತು. ಪೊಟ್ಟಣ ಒಡೆಯದೆ ಫಿಲ್ಟರನ್ನು ಅಳೆಯುವುದು ಹೇಗೆ? ಚೀಟಿ ಬದಲಿಸಿ ಮಾರುವುದು ವ್ಯಾಪಾರವಲ್ಲ, ಮೋಸ. ನೀವೂ ಇಂಥದ್ದನ್ನು ತರಿಸಿದರೆ ಮೊದಲು ಅಳೆಯಿರಿ, ಆಮೇಲೆ ಏಣಿ ಹತ್ತಿ.

ಅಕ್ಟೋಬರ್ ಬರುವ ಹೊತ್ತಿಗೆ ಬೇಸತ್ತು ಪೈಗೆ ಒಂದು ಕೆಂಪು ಎಲ್‌ಇಡಿ ಬೆಸುಗೆ ಹಾಕಿದೆ. ಸಿಗ್ನಲ್ಲಿನಲ್ಲಿ ಸರಿಪಡಿಸಲಾಗದ ಮಾಹಿತಿಯ ತುಂಡು (ಬ್ಲಾಕ್) ಬಂದಾಗಲೆಲ್ಲ ಅದು ಉರಿಯಬೇಕು, ಜೊತೆಗೆ ಪ್ರತಿ ನಿಮಿಷದ ಲೆಕ್ಕ ಕಡತಕ್ಕೆ ಬರೆದುಕೊಳ್ಳಬೇಕು. ಮೂರು ವಾರ ಹಾಗೆಯೇ ಓಡಿಸಿ ಗ್ರಾಫ್ ಬಿಡಿಸಿದಾಗ ಮೊದಲ ಸಲ ಈ ತೊಂದರೆಗೆ ಒಂದು ಆಕಾರ ಬಂತು. ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನ ಎರಡೂವರೆಗೆ ಶುರು, ನಾಲ್ಕೂವರೆಗೆ ಮುಕ್ತಾಯ. ಶನಿವಾರ, ಭಾನುವಾರ ಇಲ್ಲ. ಮಳೆಗೂ ಗಾಳಿಗೂ ವಾರದ ರಜೆ ಇರುವುದಿಲ್ಲ, ಆದ್ದರಿಂದ ಇದು ಮನುಷ್ಯನದೇ ಕೆಲಸ. ಬೀದಿಯಲ್ಲಿ ಯಾವುದೋ ಕಾರ್ಖಾನೆಯ ಯಂತ್ರವೋ, ಶಾಲೆಯ ಯಾವುದಾದರೂ ಉಪಕರಣವೋ ಎಂದು ಹುಡುಕಾಡಿದೆ.

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಬೀದಿಯ ಶಾಲೆ, ಅಂಗಡಿ, ಬಸ್ಸು ಎಲ್ಲವೂ ಹೊಸ ಗಡಿಯಾರದ ಪ್ರಕಾರ ನಡೆದವು. ನನ್ನ ಗ್ರಾಫಿನಲ್ಲಿ ತೊಂದರೆ ಮಾತ್ರ ಮಧ್ಯಾಹ್ನ ಒಂದೂವರೆಗೆ ಬಂದು ಕೂತಿತು. ಆ ಗೆರೆಯನ್ನು ನೋಡುತ್ತಾ ಬಹಳ ಹೊತ್ತು ಕುಳಿತಿದ್ದೆ. ಇಂಗ್ಲೆಂಡಿನಲ್ಲಿದ್ದೂ ಗಡಿಯಾರ ಬದಲಿಸದೆ ಬದುಕುವುದು ಯಾವುದು? ಬೇಸಿಗೆಯಲ್ಲಿ ಎರಡೂವರೆ, ಚಳಿಗಾಲದಲ್ಲಿ ಒಂದೂವರೆ. ಎರಡೂ ಭಾರತದಲ್ಲಿ ಸಂಜೆ ಏಳು ಗಂಟೆ!

ಅಮ್ಮ ಆಗಸ್ಟ್‌ನಲ್ಲಿ ಹಾಸನದಿಂದ ಬಂದಿದ್ದಾರೆ.

ಹಾಲ್‌ಗೆ ಹೋಗಿ, "ಅಮ್ಮ, ನೀವು ಧಾರಾವಾಹಿ ನೋಡುವುದು ಎಷ್ಟು ಹೊತ್ತಿಗೆ?" ಎಂದೆ. "ಊರಿನಲ್ಲಿ ಬರುವ ಹೊತ್ತಿಗೇ ನೋಡುತ್ತೇನಪ್ಪ. ಆಮೇಲೆ ನೋಡಿದರೆ ಅಕ್ಕ ಫೋನಿನಲ್ಲಿ ಮೊದಲೇ ಕಥೆ ಹೇಳಿಬಿಡುತ್ತಾಳೆ," ಎಂದರು. ಪೈಯ ಕೆಂಪು ದೀಪ ತೋರಿಸಿ, ಇದು ಉರಿಯುವುದನ್ನು ಎಂದಾದರೂ ನೋಡಿದ್ದೀರಾ ಎಂದು ಕೇಳಿದೆ. "ದಿನಾ ಉರಿಯುತ್ತದಲ್ಲ. ನಾನು ಟಿವಿ ಹಾಕಿದ ಗುರುತಿಗೆ ನೀನೇ ಇಟ್ಟಿದ್ದೀಯ ಅಂದುಕೊಂಡಿದ್ದೆ."

ಶನಿವಾರ ರಾತ್ರಿ ಊಟವಾದ ಮೇಲೆ ನೆಲದ ಮೇಲೆ ಎಲ್ಲವನ್ನೂ ಹರಡಿಕೊಂಡು ಕೂತೆ. ಟಿವಿ ಮಾತ್ರ ಹಾಕಿದರೆ 36 ಚೆನ್ನಾಗಿದೆ. ಅಮ್ಮ ಧಾರಾವಾಹಿ ನೋಡುವ, ಟಿವಿಯ ಹಿಂಬದಿಯ ಎಚ್‌ಡಿಎಂಐಗೆ ಸಿಕ್ಕಿಸಿದ ಸ್ಟ್ರೀಮಿಂಗ್ ಪೆಟ್ಟಿಗೆಯನ್ನು ಎಬ್ಬಿಸಿದ ಕೂಡಲೇ 31 ಇದ್ದದ್ದು 18ಕ್ಕೆ ಕುಸಿದು ಕೆಂಪು ದೀಪ ಹತ್ತಿತು. ಟ್ಯೂನರಿಗೆ ಹೋಗುವ ಕೇಬಲನ್ನು ಬಿಚ್ಚಿ, ರೇಡಿಯೊ ಅಲೆಗಳನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ತೋರಿಸುವ ಎಸ್‌ಡಿಆರ್ ಡಾಂಗಲ್‌ಗೆ ಕೊಟ್ಟೆ. ಅದು ಒಮ್ಮೆಗೆ ನೋಡುವುದು ಎರಡೂವರೆ ಮೆಗಾಹರ್ಟ್ಸ್‌ನಷ್ಟೇ, ಹಾಗಾಗಿ ನಾಲ್ಕು ತುಂಡುಗಳನ್ನು ಹೊಲಿದು 8 ಮೆಗಾಹರ್ಟ್ಸ್ ಚಿತ್ರ ಮಾಡಿದೆ. ಎಮ್ಲಿ ಮೂರ್‌ನ ಸಿಗ್ನಲ್ ಮೇಜಿನಂತೆ ಚಪ್ಪಟೆಯಾಗಿ ನಿಂತಿದೆ. ಅದರ ನಟ್ಟನಡುವೆ, 594 ಮೆಗಾಹರ್ಟ್ಸ್‌ನಲ್ಲಿ, ಮೊಳೆಯಂತೆ ಚೂಪಾಗಿ ಎದ್ದ ಬೇರೊಂದು ಸಿಗ್ನಲ್.

1080ಪಿ ಚಿತ್ರದ ಗಡಿಯಾರ, ಅಂದರೆ ಚಿತ್ರದ ಚುಕ್ಕೆಗಳನ್ನು ಕಳಿಸುವ ವೇಗ, 148.5 ಮೆಗಾಹರ್ಟ್ಸ್. ಇಂಥ ಗಡಿಯಾರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟಿನಲ್ಲೂ ಅಲೆಗಳು ಏಳಬಹುದು. ಅದರ ನಾಲ್ಕರಷ್ಟು 594. 36ನೆಯ ಚಾನೆಲ್ಲಿನ ಕೇಂದ್ರವೂ 594. ಒಂದು ಕೂದಲೂ ಆಚೀಚೆ ಇಲ್ಲ.

ಹಾಗಾದರೆ ಪೆಟ್ಟಿಗೆಯನ್ನು 720ಪಿಗೆ ಇಳಿಸಿದರೆ ಮುಗಿಯಿತಲ್ಲ ಎಂದು ಇಳಿಸಿದೆ. ಮೊಳೆ ಅಲ್ಲೇ ಇದೆ. 720ಪಿಯ ಗಡಿಯಾರ 74.25, ಅದರ ಎಂಟರಷ್ಟು ಮತ್ತೆ 594. ಹಠ ಬಂತು, 576ಪಿಗೆ ಇಳಿಸಿದೆ. 27 ಮೆಗಾಹರ್ಟ್ಸ್, ಇಪ್ಪತ್ತೆರಡರಷ್ಟು 594. ಮೂವತ್ತು ಫ್ರೇಮಿನ 4ಕೆ ಆದರೆ 297, ಎರಡರಷ್ಟಕ್ಕೇ ಅಲ್ಲಿ ಬಂದು ನಿಲ್ಲುತ್ತದೆ. ಯಾವ ದಾರಿಯಲ್ಲಿ ಹೋದರೂ ಅದೇ ಮನೆಯ ಬಾಗಿಲು!

ಇದು ಆಕಸ್ಮಿಕವಲ್ಲ. 525 ಗೆರೆಗಳ ಅಮೆರಿಕದ ಪದ್ಧತಿಗೂ 625 ಗೆರೆಗಳ ಯುರೋಪಿನ ಪದ್ಧತಿಗೂ ಒಂದೇ ಲೆಕ್ಕ ಹೊಂದಬೇಕೆಂದು 1982ರ ಡಿಜಿಟಲ್ ವಿಡಿಯೊ ಮಾನದಂಡದಲ್ಲಿ 13.5 ಮೆಗಾಹರ್ಟ್ಸ್ ಆರಿಸಿದರು. ಅದರ ಎರಡರಷ್ಟು 27. ಆ 27ರ ಐದೂವರೆ ಪಟ್ಟು 148.5. ಎಚ್‌ಡಿ ಬಂದಾಗಲೂ ಅದೇ ಬೇರಿನಿಂದ ಕೊಂಬೆ ಚಿಗುರಿತು. ಎಮ್ಲಿ ಮೂರ್ ಕಳಿಸುವ ಕಾರ್ಯಕ್ರಮದ ಒಡಲೊಳಗೆ ಮಿಡಿಯುವ ಗಡಿಯಾರವೂ 27 ಮೆಗಾಹರ್ಟ್ಸ್‌ನದೇ. ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಒಂದು ಸಂಖ್ಯೆ ನನ್ನ ಹಾಲ್‌ನ ನೆಲದ ಮೇಲೆ ಕಣ್ಣೆದುರು ನಿಂತಾಗ ಮೈ ಜುಮ್ಮೆಂದಿತು.

ಆದರೂ ಖಾತ್ರಿ ಬೇಕಿತ್ತು. ಈ ವಂಶಕ್ಕೆ ಸೇರದ ಗಡಿಯಾರ ಕಂಪ್ಯೂಟರಿನಲ್ಲಿ ಸಿಗುತ್ತದೆ. 1024×768 ಚಿತ್ರಕ್ಕೆ 65 ಮೆಗಾಹರ್ಟ್ಸ್. ಅದರ ಒಂಬತ್ತರಷ್ಟು 585, ಹತ್ತರಷ್ಟು 650. ಎರಡೂ ಎಮ್ಲಿ ಮೂರ್‌ನ ಯಾವ ಮಕ್ಸ್‌ಗೂ ತಾಗುವುದಿಲ್ಲ. ಪೆಟ್ಟಿಗೆ ತೆಗೆದು ಅದೇ ಕೇಬಲ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ 1024×768 ಇಟ್ಟೆ. ಮೊಳೆ ಮಾಯ, 31 ಡೆಸಿಬೆಲ್. ಅದೇ ಲ್ಯಾಪ್‌ಟಾಪ್, ಅದೇ ಕೇಬಲ್, 1080ಪಿ: 18. ಮೂರು ಸಲ ಆಚೆ ಈಚೆ ಬದಲಿಸಿದೆ, ಮೂರೂ ಸಲ ಕೆಂಪು ದೀಪ ಹೇಳಿದ ಹಾಗೆ ಕೇಳಿತು.

ಬಲ್ಲವರು ಇಲ್ಲಿ ತಡೆದು ಕೇಳಬಹುದು: ಸರಿಯಾದ ಚೌಕಾಕಾರದ ಅಲೆಯಲ್ಲಿ ಬೆಸ ಹಾರ್ಮೋನಿಕ್‌ಗಳಷ್ಟೇ (ಮೂಲದ ಮೂರರಷ್ಟು, ಐದರಷ್ಟು ಹೀಗೆ) ತಾನೆ ಇರಬೇಕು, ನಾಲ್ಕನೆಯದು ಎಲ್ಲಿಂದ ಬಂತು? ಅಲೆ ಸರಿಯಾಗಿದ್ದರೆ ಬರುವುದಿಲ್ಲ. ಜೋಡಿ ತಂತಿಗಳಲ್ಲಿ ಒಂದು ಏರುವ ವೇಗಕ್ಕೂ ಇನ್ನೊಂದು ಇಳಿಯುವ ವೇಗಕ್ಕೂ ಸ್ವಲ್ಪ ವ್ಯತ್ಯಾಸವಾದರೆ ಸಾಕು, ಸಮ ಹಾರ್ಮೋನಿಕ್ ಎದ್ದು ಕೇಬಲ್ಲಿನ ಹೊರಮೈ ಮೇಲೆ ಹರಿಯುತ್ತದೆ. ಇನ್ನು, ಮಕ್ಸಿನ ಮಾಹಿತಿಯನ್ನು ಹಂಚಿಕೊಂಡು ಹೊರುವ 6817 ವಾಹಕ ಅಲೆಗಳ ನಡುವೆ ಒಂದು ಮೊಳೆ ಏನು ಮಾಡೀತು ಎಂದರೆ, ಅಷ್ಟು ಜೋರಿನ ಮೊಳೆಗೆ ಹೆದರಿ ಟ್ಯೂನರ್ ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣವನ್ನೇ (ಗೇನ್) ಇಳಿಸಿಕೊಳ್ಳುತ್ತದೆ, ಉಳಿದ ವಾಹಕಗಳೆಲ್ಲ ಕುಗ್ಗುತ್ತವೆ. ಮೇಲಾಗಿ 36ರ ಮಕ್ಸ್ ಮುಕ್ಕಾಲು ದರದ್ದು, ನಾಲ್ಕು ಬಿಟ್‌ಗಳಲ್ಲಿ ತಪ್ಪು ತಿದ್ದಲು ಸಿಗುವುದು ಒಂದೇ. 44 ಮತ್ತು 47 ಮೂರರಲ್ಲಿ ಒಂದನ್ನು ತಿದ್ದುವುದಕ್ಕೆ ಮೀಸಲಿಡುತ್ತವೆ.

ಮೊಳೆ ಒಳಗೆ ನುಗ್ಗಿದ ಕಿಂಡಿ ಯಾವುದು? ಎಚ್‌ಡಿಎಂಐ ಕೇಬಲ್ಲಿಗೆ, ಹೊರಮೈ ಮೇಲೆ ಹರಿಯುವುದನ್ನು ತಡೆಯುವ ಫೆರೈಟ್ ಉಂಗುರ ಹಾಕಿದೆ, ಎರಡು ಮೂರು ಡೆಸಿಬೆಲ್ ಸುಧಾರಿಸಿತು, ಅಷ್ಟೇ. ಎಚ್‌ಡಿಎಂಐ ಕೇಬಲ್ ಬದಲಿಸಿದೆ, ಹೆಚ್ಚೇನೂ ಬದಲಾಗಲಿಲ್ಲ. ಕೊನೆಗೆ ಗೋಡೆಯ ಸಾಕೆಟ್‌ನಿಂದ ಟ್ಯೂನರಿಗೆ ಬರುವ ಒಂದೂವರೆ ಮೀಟರ್ ಬಿಳಿಯ ಸಿದ್ಧ ಕೇಬಲ್ ಮೇಲೆ ಕೈ ಇಟ್ಟೆ. ಕೈ ಸರಿದಂತೆ ಮೊಳೆ ಏರುತ್ತದೆ, ಇಳಿಯುತ್ತದೆ! ಪ್ಲಗ್ಗನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಎರಡು ಪದರದ ರಕ್ಷಣೆ ಎಂದು ಚೀಟಿಯಲ್ಲಿ ಬರೆದಿದ್ದ ಕೇಬಲ್ಲಿನ ಒಳಗೆ ಲೋಹದ ಹಾಳೆಯ ಪದರವೇ ಇಲ್ಲ. ಹೆಣಿಗೆ ಎಂದು ಹೆಸರಿಗೆ ಇದ್ದದ್ದು ಹದಿನೆಂಟು ಅಲ್ಯೂಮಿನಿಯಮ್ ಎಳೆಗಳು, ಸೂಜಿಯಿಂದ ಬಿಡಿಸಿ ಎಣಿಸಿದ್ದೇನೆ. ಎಳೆಗೂ ಎಳೆಗೂ ನಡುವೆ ಬಿಳಿಯ ಪ್ಲಾಸ್ಟಿಕ್ ಇಣುಕುತ್ತಿತ್ತು. ಪ್ಲಗ್ಗಿನ ಹತ್ತಿರ ಆ ಹದಿನೆಂಟನ್ನೂ ಜಡೆಯಂತೆ ಒಂದು ಬದಿಗೆ ತಿರುಚಿ, ಲೋಹದ ಬಳೆಗೆ ಒಂದೇ ಕಡೆ ತಾಗಿಸಿ, ಮೇಲೆ ರಬ್ಬರ್ ಸುರಿದು ಮುಚ್ಚಿದ್ದಾರೆ. ಕಣ್ಣಿಗೆ ಕಾಣದ ಕಡೆ ಹೀಗೆ ಮಾಡಿದವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಈ ತುಂಡೇ ಎಚ್‌ಡಿಎಂಐ ಕೇಬಲ್ಲಿನ ಬೆನ್ನಿಗೆ ಬೆನ್ನು ತಾಗಿಸಿ ಟಿವಿಯ ಹಿಂದೆ ಮಲಗಿತ್ತು.

ಅದರ ಜಾಗಕ್ಕೆ ಡಬ್ಲ್ಯುಎಫ್-100 ಕೇಬಲ್ ಹಾಕಿದೆ: ತಾಮ್ರದ ಹಾಳೆ, ತಾಮ್ರದ ಹೆಣಿಗೆ, ಎರಡೂ ತುದಿಗೆ ತಿರುಗಿಸಿ ಬಿಗಿಯುವ ಎಫ್ ಪ್ಲಗ್. ಪೈಯನ್ನು ಟಿವಿಯಿಂದ ದೂರ, ಕಪಾಟಿನ ಇನ್ನೊಂದು ಬದಿಗೆ ಸರಿಸಿದೆ. ಪೆಟ್ಟಿಗೆ 1080ಪಿಯಲ್ಲಿ ಓಡುತ್ತಿರುವಾಗಲೇ 30.5. ಸೋಮವಾರ ಒಂದೂವರೆಗೆ ಕಚೇರಿಯಿಂದಲೇ ಲೆಕ್ಕ ನೋಡಿದೆ: ಸೊನ್ನೆ. ಅಮ್ಮನಿಗೆ ಫೋನ್ ಮಾಡಿದರೆ, "ದೀಪ ಕೆಟ್ಟುಹೋಗಿದೆ ಕಣೋ, ಟಿವಿ ಹಾಕಿದರೂ ಉರಿಯುತ್ತಿಲ್ಲ," ಎಂದರು.

ಆ ರಾತ್ರಿ ಆಕಾಶ ತಿಳಿಯಾಗಿತ್ತು. ಅಟ್ಟದ ಕಿಟಕಿಯಿಂದ ಗೋಪುರದ ಕೆಂಪು ದೀಪಗಳು ಕಾಣುತ್ತಿದ್ದವು. 1969ರ ಮಾರ್ಚ್ 19ರಂದು ಅಲ್ಲಿನ ಹಳೆಯ ಉಕ್ಕಿನ ಮಾಸ್ಟ್ ಮಂಜುಗಡ್ಡೆಯ ಭಾರಕ್ಕೂ ಗಾಳಿಗೂ ಸಿಕ್ಕಿ ಉರುಳಿಬಿತ್ತು. ಅದರ ಬಿಗಿತಂತಿ ಹತ್ತಿರದ ಪ್ರಾರ್ಥನಾ ಮಂದಿರವನ್ನು ಸೀಳಿಕೊಂಡು ಬಿದ್ದರೂ ಯಾರಿಗೂ ಪೆಟ್ಟಾಗಲಿಲ್ಲ. ಈಗಿರುವ ಕಾಂಕ್ರೀಟಿನ ಗೋಪುರ, 300 ಮೀಟರಿಗೂ ಎತ್ತರದ್ದು, 1971ರಿಂದ ಕೆಲಸ ಮಾಡುತ್ತಿದೆ. ಅಷ್ಟು ದೂರದಿಂದ, ಅಷ್ಟು ಶ್ರಮದಿಂದ, ಕಂಬಳಿ ಹಾಸಿದಂತೆ ಸಮವಾಗಿ ಬಂದ ಸಿಗ್ನಲ್ ಕೊನೆಯ ಒಂದೂವರೆ ಮೀಟರಿನಲ್ಲಿ ಹಾಳಾಗುತ್ತಿತ್ತು ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಮುಂದಿನದು ಅಟ್ಟಕ್ಕೆ ಲಾಗ್-ಪೀರಿಯಾಡಿಕ್ ಆಂಟೆನಾ, ಎಲ್ಲ ಚಾನೆಲ್‌ಗಳನ್ನೂ ಸಮವಾಗಿ ಹಿಡಿಯುವಂಥದ್ದು. ಹಳದಿ ಮುಚ್ಚಳದ ಯಾಗಿ 33ರಲ್ಲಿ, ಚಿತ್ರ ಒಡೆಯದಿದ್ದರೂ, ಸೊರಗುವುದನ್ನು ಇನ್ನು ಸಹಿಸಬೇಕಿಲ್ಲ. 470 ಮೆಗಾಹರ್ಟ್ಸ್‌ಗೆ ಅತಿ ಉದ್ದದ ಕಡ್ಡಿ 32 ಸೆಂಟಿಮೀಟರ್, 694ಕ್ಕೆ ಅತಿ ಚಿಕ್ಕದು ಇಪ್ಪತ್ತೊಂದೂವರೆ. ಅಲ್ಯೂಮಿನಿಯಮ್ ಕೊಳವೆ ಬಂದಿದೆ, ಉದ್ದದ ನಾಲ್ಕು ಕಡ್ಡಿ ಕತ್ತರಿಸಿಟ್ಟಿದ್ದೇನೆ. ಗೋಡೆಯ ಸಾಕೆಟ್ಟನ್ನೂ ಬಿಚ್ಚಬೇಕು, ಅದರ ಬೆನ್ನು ಬರೀ ಪ್ಲಾಸ್ಟಿಕ್ ಎಂಬ ಗುಮಾನಿ ಇದೆ.

ಅದಕ್ಕೂ ಮೊದಲು ಹಾಸನದ ಕೆಲಸ. ಜನವರಿಯಲ್ಲಿ ಅಮ್ಮನನ್ನು ಬಿಡಲು ನಾನೂ ಹೋಗುತ್ತಿದ್ದೇನೆ. ಮಹಡಿಯ ಮೇಲೆ ಡಿಡಿ ಫ್ರೀ ಡಿಶ್‌ಗೆ ತಟ್ಟೆ ನಿಲ್ಲಿಸಬೇಕು. ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವ. ಹಾಸನದಿಂದ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 65 ಡಿಗ್ರಿ ಮೇಲೆ. ಲೆಕ್ಕ ತೋರಿಸಿದಾಗ ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಆಗ್ನೇಯದಲ್ಲಿ ತೆಂಗಿನ ಮರ ಇದೆ. ಅದನ್ನು ಕಡಿಯುವ ಮಾತು ಆಡಬೇಡ," ಎಂದರು. ಆಡುವುದಿಲ್ಲ. ತಟ್ಟೆಯನ್ನು ಮಹಡಿಯ ಪಡುವಣ ಮೂಲೆಗೆ ಸರಿಸಿದರೆ ಗರಿಗಳ ಮೇಲಿನಿಂದ ಹಾದುಹೋಗುತ್ತದೆಯೇ ಎಂದು ತಿಳಿಯಲು ಮರದ ಎತ್ತರ ಬೇಕು. ಭಾನುವಾರ ಬಿಸಿಲಿನಲ್ಲಿ ಮರದ ನೆರಳನ್ನು ಅಳೆದು ಹೇಳುವಂತೆ ಅಕ್ಕನ ಮಗನಿಗೆ ತಿಳಿಸಿದ್ದೇನೆ.