ನೆಲಮಾಳಿಗೆಯ ನಾಲ್ಕು ಗಾಂಜಾ ಗಿಡ, ಒಂದು ಕರಿಬೇವು

ಪಕ್ಕದ ಮನೆಯ ನೆಲಮಾಳಿಗೆಯಲ್ಲಿ ನಾಲ್ಕು ಗಾಂಜಾ ಗಿಡಗಳಿವೆ. ನಮ್ಮ ನೆಲಮಾಳಿಗೆಯಲ್ಲಿ ಒಂದು ಕರಿಬೇವಿನ ಗಿಡ ಇದೆ. ಇದನ್ನು ಫೋನಿನಲ್ಲಿ ಹೇಳಿದಾಗ ತೀರ್ಥಹಳ್ಳಿಯಲ್ಲಿರುವ ಅಮ್ಮ ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಪೊಲೀಸ್ನೋರು ಬರಲ್ವೇನೇ?" ಎಂದರು.

ಬರುವುದಿಲ್ಲ. ನಾವಿರುವುದು ಕೆನಡಾದ ಕಿಚನರ್‌ನಲ್ಲಿ, ಟೊರೊಂಟೊದಿಂದ ಸುಮಾರು ನೂರು ಕಿಲೋಮೀಟರ್ ದೂರ. 2018ರ ಅಕ್ಟೋಬರ್ 17ರಿಂದ ಇಲ್ಲಿ ವಯಸ್ಕರು ಗಾಂಜಾ ಕೊಳ್ಳಬಹುದು, ಸೇದಬಹುದು. ಮನೆಯಲ್ಲಿ ನಾಲ್ಕು ಗಿಡ ಬೆಳೆಸಲೂಬಹುದು. ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. ಒಂಟಾರಿಯೊ ಪ್ರಾಂತ್ಯದಲ್ಲಿ 19 ವರ್ಷ ತುಂಬಿರಬೇಕು, ಬೀಜ ಅಥವಾ ಸಸಿಯನ್ನು ಪರವಾನಗಿ ಇರುವ ಕಡೆಯಿಂದಲೇ ತರಬೇಕು. ಪಕ್ಕದ ಕ್ವಿಬೆಕ್ ಪ್ರಾಂತ್ಯ ಮನೆಯಲ್ಲಿ ಬೆಳೆಸುವುದನ್ನೇ ನಿಷೇಧಿಸಿದೆ. 2023ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಆ ನಿಷೇಧ ಸರಿ ಎಂದಿತು.

ನಾನು ಗಾಂಜಾ ಸೇದುವವಳಲ್ಲ, ಬೆಳೆಸುವವಳೂ ಅಲ್ಲ. ಆದರೆ ಮನೆಯೊಳಗೆ ಗಿಡ ಸಾಕುವುದನ್ನು ನನಗೆ ಕಲಿಸಿದ್ದು ಆ ನಾಲ್ಕು ಗಿಡಗಳು ಮತ್ತು ಅವುಗಳ ಯಜಮಾನ, ಎಪ್ಪತ್ತು ದಾಟಿದ ಒಬ್ಬ ಅಜ್ಜ. ಬೇಸಿಗೆಯಲ್ಲಿ ಟೊಮೆಟೊ, ಚಳಿಗಾಲದಲ್ಲಿ ಗಾಂಜಾ, ಇದು ಅವರ ವರ್ಷದ ಲೆಕ್ಕ. ಮೊದಲ ವರ್ಷ ಅವರು ಎಲ್ಲೆಲ್ಲಿ ದುಡ್ಡು ಕಳೆದುಕೊಂಡರೋ ಹೆಚ್ಚುಕಡಿಮೆ ಅಲ್ಲೆಲ್ಲ ನಾನೂ ಕಳೆದುಕೊಂಡೆ. ಬೆಳೆ ಬೇರೆ ಬೇರೆ, ತಪ್ಪು ಮಾತ್ರ ಒಂದೇ.

ಅಮ್ಮನ ಹಿತ್ತಲಲ್ಲಿ ಕರಿಬೇವು ಯಾರೂ ತಿರುಗಿ ನೋಡದಿದ್ದರೂ ಬೆಳೆಯುತ್ತದೆ. ಬಚ್ಚಲ ನೀರು ಹೋಗುವ ಕಡೆ ಅದರ ಪಾಡಿಗೆ ಅದು ಇರುತ್ತದೆ. ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕೈದು ಕಡ್ಡಿ ಸಿಗುತ್ತದೆ, ಅರ್ಧ ಎಲೆ ಕಪ್ಪಾಗಿರುತ್ತದೆ. ಜನವರಿಯಲ್ಲಿ ಎಷ್ಟೋ ವಾರ ಅದೂ ಇಲ್ಲ. ಹಾಗಾಗಿ ಒಂದು ಆಗಸ್ಟ್‌ನಲ್ಲಿ 45 ಡಾಲರ್ ಕೊಟ್ಟು ಮೊಣಕಾಲೆತ್ತರದ ಗಿಡ ತಂದೆ. ಅಕ್ಟೋಬರ್‌ನಲ್ಲಿ ಚಳಿ ಶುರುವಾದಾಗ ಒಳಗೆ ಇಟ್ಟೆ. ಡಿಸೆಂಬರ್ ಮುಗಿಯುವ ಹೊತ್ತಿಗೆ ಅದರಲ್ಲಿ ಎಲೆಗಿಂತ ಕಡ್ಡಿಯೇ ಜಾಸ್ತಿ ಇತ್ತು.

ಮೊದಲ ಪೆಟ್ಟು ಬಿದ್ದದ್ದು ಬೆಳಕಿನ ವಿಷಯದಲ್ಲಿ. ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಇರುವುದೇ ಸುಮಾರು ಒಂಬತ್ತು ಗಂಟೆ, ಅದರಲ್ಲೂ ಅರ್ಧ ದಿನ ಮೋಡ. ಕಿಟಕಿ ಪಕ್ಕ ಇಟ್ಟಿದ್ದೇನಲ್ಲ, ಬೆಳಕಿದೆ ಅಂತ ನಾನು ಅಂದುಕೊಂಡಿದ್ದೆ. ನಮ್ಮ ಕಣ್ಣು ಮೋಸ ಮಾಡುತ್ತದೆ. ಬೆಳಕನ್ನು ಅಳೆಯುವ ಮಾನ ಲಕ್ಸ್. ಬಯಲಿನ ಸುಡು ಬಿಸಿಲು ಹತ್ತಿರ ಹತ್ತಿರ ಒಂದು ಲಕ್ಷ ಲಕ್ಸ್ ಇರುತ್ತದೆ. ನಾವು ಆರಾಮಾಗಿ ಪೇಪರ್ ಓದುವ ಕೋಣೆಯಲ್ಲಿ ಐನೂರು ಇದ್ದರೆ ದೊಡ್ಡದು. ಗಿಡದ ಪಾಲಿಗೆ ನಮ್ಮ ಹಾಲ್ ಕತ್ತಲೆ ಕೋಣೆ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು ಕಿಟಕಿಯಿಂದ ಒಂದೊಂದೇ ಹೆಜ್ಜೆ ಹಿಂದೆ ಬಂದು ನೋಡಿ, ಅಂಕಿ ಎಷ್ಟು ಬೇಗ ಇಳಿಯುತ್ತದೆ ಅಂತ. ನನಗೆ ಇದು ಗೊತ್ತಾದದ್ದೇ ಹಾಗೆ.

ಗಾಬರಿಯಲ್ಲಿ ಆನ್‌ಲೈನ್‌ನಲ್ಲಿ ಒಂದು ಗ್ರೋ ಲೈಟ್, ಅಂದರೆ ಗಿಡ ಬೆಳೆಸುವ ದೀಪ, ತರಿಸಿದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ "1000 ವ್ಯಾಟ್" ಅಂತಿತ್ತು. ಪಕ್ಕದ ಮನೆ ಅಜ್ಜ ಅದನ್ನು ನೋಡಿ ಏನೂ ಹೇಳದೆ ಮನೆಗೆ ಹೋಗಿ ಒಂದು ಪುಟ್ಟ ಮೀಟರ್ ತಂದರು. ಗೋಡೆಯ ಪ್ಲಗ್‌ಗೆ ಮೀಟರ್, ಮೀಟರ್‌ಗೆ ಲೈಟ್. ಅದು ತೋರಿಸಿದ್ದು 96. ಅವರೂ ಮೊದಲ ವರ್ಷ ಇಂಥದ್ದೇ ಮೂರು ತಂದಿದ್ದರಂತೆ. ಗಾಂಜಾ ಗಿಡ ಬೆಳಕು ಸಾಲದೆ ಸಣಕಲಾಗಿ ಎದ್ದು, ತನ್ನ ಭಾರಕ್ಕೆ ತಾನೇ ಬಾಗಿತಂತೆ. ಲೈಟ್ ಕೊಳ್ಳುವಾಗ ದೊಡ್ಡ ಅಂಕಿ ಬಿಟ್ಟು, ನಿಜವಾಗಿ ಎಳೆಯುವ ವ್ಯಾಟ್ ಎಷ್ಟು ಎಂದು ಸಣ್ಣ ಅಕ್ಷರದಲ್ಲಿ ಹುಡುಕಬೇಕು. ಅದನ್ನು ಬರೆಯದೇ ಇರುವ ಲೈಟ್ ಬೇಡವೇ ಬೇಡ. ಕೆನಡಾದಲ್ಲಿ ಸಿಎಸ್‌ಎ ತರಹದ ಸುರಕ್ಷತೆಯ ಮುದ್ರೆಯನ್ನೂ ನೋಡಬೇಕು. ದಿನಕ್ಕೆ ಹದಿನಾಲ್ಕು ಗಂಟೆ, ನಾವು ಮಲಗಿರುವಾಗಲೂ ಉರಿಯುವ ವಸ್ತು ಅದು.

ನನ್ನ ಒಂದೇ ಗಿಡಕ್ಕೆ ಆ 96 ವ್ಯಾಟ್ ಸಾಕಾಯಿತು. ತಿಂಗಳಿಗೆ ಸುಮಾರು 40 ಯೂನಿಟ್ ಕರೆಂಟ್. ನಾವಿರುವ ದರದ ಯೋಜನೆಯಲ್ಲಿ ರಾತ್ರಿ ಏಳರಿಂದ ಬೆಳಗ್ಗೆ ಏಳರವರೆಗೆ ಕರೆಂಟ್ ಅಗ್ಗ. ಟೈಮರ್ ಇಟ್ಟು ರಾತ್ರಿಯನ್ನೇ ಅದಕ್ಕೆ ಹಗಲು ಮಾಡಿದೆ. ಕರಿಬೇವು ತಕರಾರು ಮಾಡಲಿಲ್ಲ.

ಗಾಂಜಾ ಗಿಡ ಅಷ್ಟು ಸುಲಭದ್ದಲ್ಲ. ಸಾಮಾನ್ಯ ತಳಿಗಳು ರಾತ್ರಿ ಉದ್ದವಾದಾಗಲೇ ಹೂ ಬಿಡುವುದು. ಒಳಗೆ ಬೆಳೆಸುವವರು ಮೊದಲು ದಿನಕ್ಕೆ ಹದಿನೆಂಟು ಗಂಟೆ ಬೆಳಕು ಕೊಡುತ್ತಾರೆ. ಹೂ ಬೇಕಾದಾಗ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಗವ್ ಅನ್ನುವ ಕತ್ತಲು. ಈ ಕತ್ತಲಲ್ಲೇ ಅಜ್ಜನ ಮೊದಲ ಬೆಳೆ ಹೋಯಿತು. ಮನೆಗೆ ಬಂದವರಿಗೆಲ್ಲ ರಾತ್ರಿ ಹೊತ್ತು ಗಿಡಗಳಿಗೆ ಹಾಕಿದ್ದ ಟೆಂಟಿನ ಜಿಪ್ ತೆಗೆದು, ಟ್ಯೂಬ್‌ಲೈಟ್ ಹಾಕಿ ಗಿಡ ತೋರಿಸುತ್ತಿದ್ದರಂತೆ. ಗಿಡಗಳು ಗೊಂದಲಕ್ಕೆ ಬಿದ್ದು ಹೆಣ್ಣು ಗಿಡದಲ್ಲೇ ಗಂಡು ಹೂ ಬಂದು, ಎಲ್ಲ ಬೀಜ ಕಟ್ಟಿತು.

ಅವರು ಇದನ್ನು ಹೇಳಿದಾಗ ನನಗೆ ಥಟ್ಟನೆ ನೆನಪಾದದ್ದು ಸೇವಂತಿಗೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲದ ತುಂಬ ಸಾಲು ಸಾಲು ಬಲ್ಬ್ ಉರಿಯುವುದನ್ನು ನೋಡಿರುತ್ತೀರಿ. ಸೇವಂತಿಗೆಯೂ ಉದ್ದ ರಾತ್ರಿಗೆ ಹೂ ಬಿಡುವ ಗಿಡ. ಬೇಗ ಮೊಗ್ಗು ಬರದೆ ಗಿಡ ಮೊದಲು ಚೆನ್ನಾಗಿ ಬೆಳೆಯಲಿ ಅಂತ ರೈತರು ಬೇಕೆಂದೇ ರಾತ್ರಿಯನ್ನು ಬಲ್ಬಿನಿಂದ ಮುರಿಯುತ್ತಾರೆ. ನಮ್ಮ ರೈತರು ತಿಳಿದು ಮಾಡುವುದನ್ನೇ ಅಜ್ಜ ತಿಳಿಯದೆ ಮಾಡಿದ್ದರು. ಫೋನಿನಲ್ಲಿ ಸೇವಂತಿಗೆ ಹೊಲದ ಫೋಟೊ ತೋರಿಸಿದೆ. ತುಂಬ ಹೊತ್ತು ನೋಡುತ್ತಾ ಕೂತಿದ್ದರು.

ಇನ್ನು ನೀರು. ನನಗೆ ಎಲ್ಲಕ್ಕಿಂತ ದುಬಾರಿಯಾದದ್ದು, ಅರ್ಥವಾಗಲು ಎಲ್ಲಕ್ಕಿಂತ ತಡವಾದದ್ದು ಇದೇ.

ಹೊಸಬರು ಗಿಡ ಕೊಲ್ಲುವುದು ನೀರು ಕೊಡದೆ ಅಲ್ಲ, ಜಾಸ್ತಿ ಕೊಟ್ಟು. ನಾನು ದಿನಾ ಬೆಳಗ್ಗೆ ಒಂದು ಲೋಟ ಹಾಕುತ್ತಿದ್ದೆ. ಊರಿನ ಬಿಸಿಲಿಗೆ ಅದು ಸರಿ. ಹದಿನೇಳು ಡಿಗ್ರಿಯ ನೆಲಮಾಳಿಗೆಯಲ್ಲಿ, ಚಳಿಗೆ ಅರೆನಿದ್ದೆಯಲ್ಲಿರುವ ಗಿಡ ಅಷ್ಟು ಕುಡಿಯುವುದಿಲ್ಲ. ಅದರ ಮೇಲೆ, ಬೇಗ ದೊಡ್ಡದಾಗಲಿ ಅಂತ ದೊಡ್ಡ ಕುಂಡಕ್ಕೆ ಬೇರೆ ಹಾಕಿದ್ದೆ. ಬೇರು ಒಂದು ಮೂಲೆಯಲ್ಲಿ, ಒದ್ದೆ ಮಣ್ಣು ಕುಂಡದ ತುಂಬ. ತಳ ತಣ್ಣನೆಯ ಕಾಂಕ್ರೀಟಿನ ಮೇಲೆ. ಬೇರು ಕೊಳೆಯಲು ಇನ್ನೇನು ಬೇಕು?

ಅಜ್ಜ ಕಲಿಸಿದ್ದು ಕುಂಡ ಎತ್ತಿ ನೋಡುವುದನ್ನು. ನೀರು ಹಾಕಿದ ಮೇಲೆ ಒಮ್ಮೆ ಎತ್ತಿ ಭಾರ ನೆನಪಿಡಿ. ಹಗುರವಾಗುವ ತನಕ ಮುಟ್ಟಬೇಡಿ. ಈಗ ಚಳಿಗಾಲದಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಹಾಕುತ್ತೇನೆ. ಹಾಕಿದಾಗ ತಳದ ತೂತಿನಿಂದ ಹರಿದು ಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುತ್ತೇನೆ. ಕುಂಡದ ಕೆಳಗೆ ಎರಡು ಹಲಗೆ ತುಂಡು ಇಟ್ಟಿದ್ದೇನೆ.

ಇಷ್ಟಾದರೂ ಎಲೆಯ ಅಂಚು ಸುಟ್ಟಂತೆ ಕಂದಾಗುವುದು ನಿಲ್ಲಲಿಲ್ಲ. ಗೊಬ್ಬರ ಸಾಲದು ಅಂತ ಗೊಬ್ಬರ ಹಾಕಿದೆ. ಇನ್ನೂ ಸುಟ್ಟಿತು. ಒಂದು ಶನಿವಾರ ಉಪ್ಪಿನ ಮೂಟೆ ಹೊತ್ತುಕೊಂಡು ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಿದ್ದೆ. ಕಿಚನರ್-ವಾಟರ್ಲೂ ಕಡೆ ನೀರು ಬಹುಪಾಲು ನೆಲದಡಿಯದು, ವಿಪರೀತ ಗಡಸು. ಕೆಟಲ್‌ನಲ್ಲಿ ಬಿಳಿ ಪದರ ಕಟ್ಟುತ್ತದೆ. ಅದಕ್ಕೆ ಬಹಳ ಮನೆಗಳಲ್ಲಿ ನೀರು ಮೆದು ಮಾಡುವ ಯಂತ್ರ ಇರುತ್ತದೆ. ಅದಕ್ಕೆ ಆಗಾಗ ಉಪ್ಪು ತುಂಬಬೇಕು. ಯಂತ್ರ ಕ್ಯಾಲ್ಸಿಯಂ ತೆಗೆದು ಅದರ ಜಾಗದಲ್ಲಿ ಸೋಡಿಯಂ ಬಿಡುತ್ತದೆ. ಮೂಟೆ ಕೆಳಗಿಟ್ಟು ಹಾಗೇ ನಿಂತುಬಿಟ್ಟೆ. ಮೂರು ತಿಂಗಳಿಂದ ಆ ಗಿಡಕ್ಕೆ ನನ್ನ ಕೈಯಾರೆ ಉಪ್ಪು ಉಣಿಸುತ್ತಾ ಬಂದಿದ್ದೆ. ಪಾಪ, ಅದು ಎಲೆಯಲ್ಲಿ ಬರೆದು ಬರೆದು ತೋರಿಸುತ್ತಿತ್ತು.

ಆ ಯಂತ್ರಕ್ಕೆ ಸೇರದ ನಲ್ಲಿ ನಮ್ಮ ಮನೆಯಲ್ಲಿ ಇರುವುದು ಹೊರಗೊಂದೇ. ಚಳಿಗಾಲದಲ್ಲಿ ಅದು ಬಂದ್. ಹಾಗಾಗಿ ಹಿತ್ತಲಿನ ಹಿಮವನ್ನು ಬಕೆಟ್‌ನಲ್ಲಿ ತುಂಬಿ ಒಳಗಿಟ್ಟು, ಕರಗಿ ಕೋಣೆಯ ಬಿಸಿಗೆ ಬಂದ ಮೇಲೆ ಹಾಕುತ್ತೇನೆ. ರಸ್ತೆ ಬದಿಯ ಹಿಮ ಬೇಡ, ಅದರಲ್ಲಿ ರಸ್ತೆಗೆ ಎರಚಿದ ಉಪ್ಪು ಇರುತ್ತದೆ. ತುಂಬಿದ ಒಂದು ಬಕೆಟ್ ಹಿಮ ಕರಗಿದರೆ ತಳದಲ್ಲಿ ಸ್ವಲ್ಪ ನೀರು. ಆ ಬಕೆಟ್ ಹೊತ್ತು ತರುವಾಗ ಅಮ್ಮನ ಬಚ್ಚಲ ನೀರು ನೆನಪಾಗುತ್ತದೆ.

ಅಮ್ಮನಿಗೆ ಎಲೆ ಹಳದಿಯಾದ ಫೋಟೊ ಕಳಿಸಿದ್ದೆ. "ಹುಳಿ ಮಜ್ಜಿಗೆ ಹಾಕು ಮಾರಾಯ್ತಿ, ಎರಡು ದಿನದಲ್ಲಿ ಹಸಿರಾಗುತ್ತೆ" ಎಂದರು. ಊರಿನಲ್ಲಿ ಅದು ನಡೆಯುತ್ತದೆ. ಬಯಲಿನ ಮಣ್ಣು, ಗಾಳಿ, ಬಿಸಿಲು, ಎರೆಹುಳ ಎಲ್ಲ ಸೇರಿ ಮಜ್ಜಿಗೆಯನ್ನು ಅರಗಿಸಿಕೊಳ್ಳುತ್ತವೆ. ಮುಚ್ಚಿದ ಮನೆಯ ಕುಂಡದಲ್ಲಿ ಅದು ಮೂರನೇ ದಿನಕ್ಕೆ ನಾರಿತು, ಎರಡನೇ ವಾರಕ್ಕೆ ನೊಣಕ್ಕಿಂತ ಸಣ್ಣ ಕಪ್ಪು ಗುಂಗುರುಗಳು ಮನೆಯೆಲ್ಲ ಹಾರಾಡಿದವು. ಅವು ಒದ್ದೆ ಮಣ್ಣಿನಲ್ಲಿ ಮೊಟ್ಟೆ ಇಡುತ್ತವೆ, ಮರಿಹುಳ ಎಳೆ ಬೇರು ತಿನ್ನುತ್ತದೆ. ಹಳದಿ ಅಂಟು ಕಾಗದ ನೆಟ್ಟು, ಮೇಲಿನ ಎರಡು ಇಂಚು ಮಣ್ಣು ಪೂರ್ತಿ ಒಣಗಲು ಬಿಟ್ಟ ಮೇಲೆ ಹತೋಟಿಗೆ ಬಂದವು. ಅಮ್ಮನಿಗೆ ಮಜ್ಜಿಗೆಯ ವಿಷಯ ಹೇಳಿಲ್ಲ. ಗಿಡ ಹಸಿರಾಗಿದೆ ಅಂತ ಮಾತ್ರ ಹೇಳಿದ್ದೇನೆ.

ಎರಡನೇ ವರ್ಷ ಅಜ್ಜನ ಮನೆಯಲ್ಲಿ ಹೂವೆಲ್ಲ ದಪ್ಪಗೆ ಬಂದಿತ್ತು. ಕೊಯ್ಲಿಗೆ ವಾರ ಇರುವಾಗ ಒಂದು ಹೂವನ್ನು ಬಿಡಿಸಿ ತೋರಿಸಿದರು. ಹೊರಗೆ ಚೆಂದ, ಒಳಗೆ ಬೂದು ಬೂಷ್ಟು. ಅಡಿಕೆಯ ಕೊಳೆ ನೋಡಿ ಬೆಳೆದವಳು ನಾನು. ಆಷಾಢದಲ್ಲಿ ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನ ಮಳೆ ಬಿಡುವು ಕೊಡದಿದ್ದರೆ ಅಪ್ಪನ ಮುಖ ಹೇಗಾಗುತ್ತಿತ್ತೋ, ಅಜ್ಜನ ಮುಖವೂ ಹಾಗೇ ಆಗಿತ್ತು. ರೋಗ ಬೇರೆ, ಕಾರಣ ಅದೇ: ತೇವ, ಗಾಳಿ ಆಡದ ಜಾಗ. ಸೇದುವ ವಸ್ತುವಿಗೆ ಔಷಧಿ ಹೊಡೆಯುವ ಹಾಗೂ ಇಲ್ಲ. ಎಲ್ಲವನ್ನೂ ಕಿತ್ತು ಎಸೆದರು. ಈಗ ಟೆಂಟಿನಲ್ಲಿ ಸಣ್ಣ ಫ್ಯಾನ್ ಸದಾ ತಿರುಗುತ್ತದೆ, ಪಕ್ಕದಲ್ಲಿ ತೇವ ಹೀರುವ ಯಂತ್ರ ಇದೆ. ನಮ್ಮ ಮನೆಯಲ್ಲಿ ಉಲ್ಟಾ ಕಷ್ಟ. ಹೀಟರ್ ಗಾಳಿಗೆ ಮನೆಯೊಳಗೆಲ್ಲ ಒಣಗಿ, ಎಲೆಯಡಿ ಜೇಡನುಸಿ ಬರುತ್ತದೆ. ತಿಂಗಳಿಗೊಮ್ಮೆ ಗಿಡವನ್ನು ಬಚ್ಚಲಿಗೆ ಒಯ್ದು ಶವರ್ ಕೆಳಗೆ ಎಲೆಯ ಹಿಂಬದಿ ತೊಳೆಯುತ್ತೇನೆ.

ಕರೆಂಟಿನ ಒಂದು ಮಾತು. ಇಲ್ಲಿನ ಮನೆಗಳಲ್ಲಿ ಸಾಮಾನ್ಯ ಪ್ಲಗ್ ಸಾಲು 15 ಆಂಪಿಯರ್, 120 ವೋಲ್ಟ್‌ನದು. ಸತತ ಉರಿಯುವುದಕ್ಕೆ ಅದರ ಶೇಕಡಾ 80 ಮಾತ್ರ ಬಳಸಬೇಕು, ಅಂದರೆ 1440 ವ್ಯಾಟ್. ಒಂದು ರೂಮ್ ಹೀಟರೇ 1500 ವ್ಯಾಟ್ ಇರುತ್ತದೆ. ಲೈಟ್, ಫ್ಯಾನ್, ಹೀಟರ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್‌ಗೆ ಸಿಕ್ಕಿಸಿ ನೀರಿನ ಬಕೆಟ್ ಪಕ್ಕ ಇಡುವವರನ್ನು ನಾನೇ ನೋಡಿದ್ದೇನೆ. ದಯವಿಟ್ಟು ಬೇಡ.

ಇನ್ನೊಂದು ತಪ್ಪು ಇದೆ, ಅದು ಗಿಡದ್ದಲ್ಲ. ಓದಲು ಬಂದ ನಮ್ಮ ಹುಡುಗರು ನಾಲ್ಕೈದು ಜನ ಒಂದು ಮನೆ ಬಾಡಿಗೆಗೆ ಹಿಡಿಯುತ್ತಾರೆ. ಇಲ್ಲಿ ಎಲ್ಲ ಓಕೆ ಅಂತ ತಲೆಗೆರಡು ಗಿಡ ಇಟ್ಟರೆ ನಾಲ್ಕು ದಾಟಿಯೇ ಹೋಯಿತು. ಮಿತಿ ಮೀರಿ ಬೆಳೆಸುವುದಕ್ಕೆ ಇಲ್ಲಿನ ಕಾನೂನಿನಲ್ಲಿ ಗರಿಷ್ಠ 14 ವರ್ಷದ ಶಿಕ್ಷೆ ಇದೆ. ಅಷ್ಟು ದೊಡ್ಡ ಶಿಕ್ಷೆ ಬೀಳದಿದ್ದರೂ, ಅಂಥ ಅಪರಾಧ ಸಾಬೀತಾದರೆ ವೀಸಾಕ್ಕೂ ಪಿಆರ್‌ಗೂ (ಕಾಯಂ ವಾಸದ ಅನುಮತಿ) ಕುತ್ತು. ಬಾಡಿಗೆ ಕರಾರಿನಲ್ಲಿ ಗಿಡ ಬೇಡ ಅಂತ ಬರೆದಿರಬಹುದು, ಅದನ್ನೂ ಓದಬೇಕು. ಒಂದೆಲೆಯನ್ನೂ ಗಡಿ ದಾಟಿಸುವ ಹಾಗಿಲ್ಲ, ಅಮೆರಿಕಕ್ಕೂ ಇಲ್ಲ, ಭಾರತಕ್ಕೂ ಇಲ್ಲ. ಊರಿನಲ್ಲಿ ಇದನ್ನು ಓದುತ್ತಿರುವವರಿಗೆ ಗೊತ್ತೇ ಇದೆ: ನಮ್ಮಲ್ಲಿ ಪರವಾನಗಿ ಇಲ್ಲದೆ ಗಾಂಜಾ ಬೆಳೆದರೆ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಡಿ ಅಪರಾಧ. ನಿಮ್ಮ ಮಗನೋ ತಂಗಿಯೋ ಇಲ್ಲಿಗೆ ಹೊರಟಿದ್ದರೆ ಈ ಪ್ಯಾರಾ ಒಂದನ್ನಾದರೂ ಅವರಿಗೆ ಓದಿ ಹೇಳಿ.

ಮೊದಲ ಚಳಿಗಾಲ ನಾನು ಕಳೆದದ್ದು ಮುನ್ನೂರು ಡಾಲರ್ ಹತ್ತಿರ. ಅದರಲ್ಲಿ ಬೇಕಾಗಿದ್ದದ್ದು ಲೈಟ್, ಟೈಮರ್, ಒಳ್ಳೆ ಮಣ್ಣು. ಉಳಿದ ಬಾಟಲಿಗಳು ಇನ್ನೂ ಶೆಲ್ಫಿನಲ್ಲಿವೆ: ಬೇರಿಗೆ ಒಂದು, ಚಿಗುರಿಗೆ ಒಂದು, ಹೊಳಪಿಗೆ ಒಂದು. ಎಲೆ ಬಾಡಿದ ಪ್ರತಿ ಸಲ ಒಂದೊಂದು ಕೊಂಡದ್ದು. ಅಜ್ಜನ ಶೆಲ್ಫಿನಲ್ಲೂ ಇಂಥದ್ದೇ ಸಾಲು ಇದೆ. ಎರಡು ಬದಲಾವಣೆ ಒಟ್ಟಿಗೆ ಮಾಡಬೇಡ, ಒಂದು ಮಾಡಿ ಹತ್ತು ದಿನ ಸುಮ್ನೆ ನೋಡು ಅಂತ ಅವರು ಹೇಳುತ್ತಿದ್ದರು. ಮೊದಲ ವರ್ಷ ಹತ್ತು ದಿನ ಕಾಯುವುದು ನನ್ನಿಂದ ಆಗಲಿಲ್ಲ.

ಈಗ ಮೇ ಎರಡನೇ ವಾರ. ಮೊನ್ನೆ ಗಿಡವನ್ನು ಮೊದಲ ಸಲ ಹೊರಗೆ ತಂದೆ. ಹಿಂದೊಮ್ಮೆ ನೇರ ಬಿಸಿಲಿಗೆ ಇಟ್ಟು ಒಂದೇ ಮಧ್ಯಾಹ್ನಕ್ಕೆ ಎಲೆಗಳೆಲ್ಲ ಬೆಳ್ಳಗೆ ಸುಟ್ಟಿದ್ದವು. ಹಾಗಾಗಿ ಈ ಸಲ ನೆರಳಿನಲ್ಲಿ ಒಂದು ಗಂಟೆ, ನಿನ್ನೆ ಎರಡು ಗಂಟೆ. ಬುಡದಿಂದ ಮೂರು ಹೊಸ ಚಿಗುರು ಎದ್ದಿವೆ, ತುದಿ ಇನ್ನೂ ಕೆಂಪಗಿದೆ. ಒಂದು ಎಲೆ ಚಿವುಟಿ ಬೆರಳಲ್ಲಿ ಉಜ್ಜಿ ಮೂಸಿದೆ. ಬೇಲಿಯಾಚೆಯಿಂದ ಅಜ್ಜನೂ ಕೈ ಚಾಚಿದರು, ಅವರಿಗೂ ಒಂದೆಲೆ ಕೊಟ್ಟೆ. ಇವತ್ತು ರಾತ್ರಿ ಆರು ಡಿಗ್ರಿಗೆ ಇಳಿಯುತ್ತದಂತೆ. ಊಟಕ್ಕೆ ಮೊದಲು ಒಳಗೆ ತರಬೇಕು.