ಸರ್ ಪಾಠ ಅರ್ಥ ಆಗಲ್ಲ, ಟ್ಯೂಷನ್‌ಗೆ ಹಾಕೋಣವಾ?

ಮುಂಬೈನ ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ನಾಟಕಕ್ಕೆ ಹೋಗಲಿ, ಡೊಂಬಿವಲಿಯಲ್ಲಿ ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಲಿ, ನಾನು ಕೆಮಿಸ್ಟ್ರಿ ಓದಿದವನು ಅಂತ ಗೊತ್ತಿದ್ದವರು ಇದೊಂದನ್ನು ಕೇಳದೆ ಬಿಡುವುದಿಲ್ಲ. "ಮಗಳು ಬಿಎಸ್ಸಿ. ಸರ್ ಪಾಠ ಒಂಚೂರೂ ಅರ್ಥ ಆಗಲ್ವಂತೆ. ಟ್ಯೂಷನ್‌ಗೆ ಹಾಕೋಣವಾ?"

ನಾನು ಮಗಳನ್ನೇ ಕರೆದು ಕೇಳುತ್ತೇನೆ: ಯಾವ ಸಾಲಿನಿಂದ ಅರ್ಥ ಆಗಲಿಲ್ಲಮ್ಮಾ? "ಎಲ್ಲಾನೂ ಅಂಕಲ್" ಅನ್ನುತ್ತಾಳೆ. ನೋಟ್ಸ್ ತೆಗೆಸಿ ನೋಡಿದರೆ ಎಲ್ಲವೂ ಅಲ್ಲ. ಎಲ್ಲೋ ಒಂದು ಸಾಲಿನಲ್ಲಿ ಕೈ ತಪ್ಪಿರುತ್ತದೆ. ಅಲ್ಲಿಂದ ಮುಂದೆ ಬರೀ ಬೋರ್ಡಿನ ನಕಲು.

ನನ್ನ ಕಥೆಯೂ ಅದೇ. ಹತ್ತರವರೆಗೆ ಇಲ್ಲೇ ಮುನಿಸಿಪಾಲಿಟಿಯ ಕನ್ನಡ ಶಾಲೆ. ಕಾಲೇಜಿನಲ್ಲಿ ಸಿಕ್ಕ ಸರ್ ಬೋರ್ಡಿಗೆ ಮುಖ ಮಾಡಿ, ಗೊಣಗುತ್ತಾ ಬರೆಯುತ್ತಾ ಹೋಗುವವರು. ನರ್ನ್‌ಸ್ಟ್ ಸಮೀಕರಣದ ದಿನ, ಅಂದರೆ ಬ್ಯಾಟರಿಯಂಥ ಕೋಶದ ವೋಲ್ಟೇಜ್ ಲೆಕ್ಕ ಹಾಕುವ ಸೂತ್ರದ ದಿನ, 0.0591 ಅಂತ ಬರೆದರು. ಎಲ್ಲಿಂದ ಬಂತು ಅಂದರೆ "ಫಾರ್ಮುಲಾ ಇದೆ, ಹಾಕಿ." ನಾವು ಕ್ಯಾಂಟೀನಿನಲ್ಲಿ ವಡಾ ಪಾವ್ ತಿನ್ನುತ್ತಾ ಅವರ ದನಿ ಅಣಕಿಸಿಕೊಂಡೇ ಅರ್ಧ ಸೆಮಿಸ್ಟರ್ ಕಳೆದೆವು. ಮಜಾ ಬಂತು, ಮಾರ್ಕ್ಸ್ ಬರಲಿಲ್ಲ.

ಆಮೇಲೆ ಒಂದು ದಿನ ಲೋಕಲ್‌ನಲ್ಲಿ, ನಿಂತುಕೊಂಡೇ, ಕ್ಯಾಲ್ಕುಲೇಟರ್ ಒತ್ತಿದೆ. ಅನಿಲ ಸ್ಥಿರಾಂಕ 8.314. ಅದಕ್ಕೆ 25 ಡಿಗ್ರಿ, ಅಂದರೆ 298 ಕೆಲ್ವಿನ್ ಗುಣಿಸಿ, ಫ್ಯಾರಡೆ ಸ್ಥಿರಾಂಕ 96,485ರಿಂದ ಭಾಗಿಸಿ, ನ್ಯಾಚುರಲ್ ಲಾಗ್ ಅನ್ನು ಹತ್ತರ ಲಾಗ್‌ಗೆ ತರಲು 2.303ರಿಂದ ಗುಣಿಸಿದೆ. 0.0591! ಠಾಣೆ ಬರುವ ಮೊದಲೇ ಮುಗಿದಿತ್ತು. ಇಷ್ಟಕ್ಕೇ ಮೂರು ತಿಂಗಳು ಅವರನ್ನು ಬೈದೆನಾ ಅನ್ನಿಸಿತು.

ಹಾಗಂತ ತಪ್ಪೆಲ್ಲ ಮಕ್ಕಳದ್ದೇ ಅನ್ನುತ್ತಿಲ್ಲ. ತಯಾರಿಯೇ ಇಲ್ಲದೆ ಬರುವವರು ಇದ್ದಾರೆ. ಪೋರ್ಷನ್ ಮುಗಿಯುವುದಿಲ್ಲ ಅನ್ನಿಸಿದರೆ ನಾಲ್ಕು ಜನ ಸೇರಿ ವಿಭಾಗದ ಮುಖ್ಯಸ್ಥರಾದ ಎಚ್‌ಒಡಿ ಹತ್ತಿರ ಹೋಗಿ, ಒಬ್ಬರೇ ಬೇಡ. ಟ್ಯೂಷನ್ನಿಗೆ ದುಡ್ಡು ಸುರಿಯುವ ಮೊದಲು ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್ ನೋಡಿ. ಪವಾಯಿಯ ಐಐಟಿಯೂ ಸೇರಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ 2003ರಲ್ಲಿ ಶುರುಮಾಡಿದ್ದು, ಪಾಠಗಳನ್ನು ಪುಕ್ಕಟೆ ನೋಡಬಹುದು. ಲ್ಯಾಬ್ ಅಸಿಸ್ಟೆಂಟ್‌ನನ್ನೂ ಮರೆಯಬೇಡಿ. ಪರ್ಮಾಂಗನೇಟ್ ದ್ರಾವಣದ ಬಣ್ಣ ಗಾಢ, ಅದರ ಬಾಗಿದ ಮೇಲ್ಮೈಯ ಕೆಳಗಿನ ಅಂಚು ಕಾಣಲ್ಲ, ಅಳತೆಯ ಗಾಜಿನ ಕೊಳವೆಯಾದ ಬ್ಯೂರೆಟ್‌ನಲ್ಲಿ ಮೇಲಿನ ಅಂಚು ಓದು ಅಂತ ನನಗೆ ಹೇಳಿಕೊಟ್ಟವರು ಅವರೇ.

ಸರ್ ಹತ್ತಿರವೂ ಹೋಗಿ. ಆದರೆ "ಅರ್ಥ ಆಗಲಿಲ್ಲ" ಅಂತ ಅಲ್ಲ, ಸಾಲಿನ ಮೇಲೆ ಬೆರಳಿಟ್ಟು ಕೇಳಿ. ನಾನೂ ಹೋದೆ. "ಸರ್, ನಮ್ಮ ಲ್ಯಾಬಿನಲ್ಲಿ 32 ಡಿಗ್ರಿ ಇದೆ. ಹಾಗಾದರೆ 0.0605 ಆಗಬೇಕಲ್ವಾ?" ಅವರು ಮೊದಲ ಸಲ ನನ್ನ ಮುಖ ನೋಡಿದರು. ಕಾಗದ ತೆಗೆದುಕೊಂಡು ತಾವೇ ಒಮ್ಮೆ ಲೆಕ್ಕ ಹಾಕಿದರು.

"ಸರಿ ಇದೆ," ಅಂದರು. "ಪರೀಕ್ಷೆಯಲ್ಲಿ ಮಾತ್ರ 0.0591 ಅಂತಲೇ ಬರಿ."